ಛಾವಣಿಯ ಮೇಲೆ ಬಿಟ್ಟ ಮೂರಡಿ

ಸೋಲಾರ್ ಪ್ಯಾನೆಲ್‌ಗಳ ನಕ್ಷೆ ಪರಿಶೀಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನಗೆ ಆಗಾಗ ಫೋನ್ ಮಾಡುತ್ತಾರೆ. "ಆಂಟಿ, ಇದ್ರಲ್ಲಿ ಟಫ್ ಪಾರ್ಟ್ ಯಾವ್ದು?" ಎಂದು ಕೇಳುತ್ತಾರೆ. ವಿದ್ಯುತ್ತಿನ ಲೆಕ್ಕ ಅಥವಾ ಕಟ್ಟಡ ನಿಯಮಗಳ ಕೋಡ್ ಪುಸ್ತಕ ಎಂದು ಹೇಳುತ್ತೇನೆಂದು ಅವರ ನಿರೀಕ್ಷೆ. ಅವೆರಡನ್ನೂ ಕೂತು ಓದಿದರೆ ಯಾರಿಗಾದರೂ ಬರುತ್ತದೆ. ಛಾವಣಿಯ ಮೇಲೆ ಸ್ವಲ್ಪ ಜಾಗ ಸುಮ್ಮನೆ ಖಾಲಿ ಇರಲಿ ಎಂದು ಮನೆಯ ಯಜಮಾನನನ್ನು ಒಪ್ಪಿಸುವುದೇ ಕಷ್ಟ. ಖಾಲಿ ಜಾಗ ಕಂಡರೆ ನಮ್ಮವರಿಗೆ ಕೈ ತುರಿಸುತ್ತದೆ. ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿದೆ, ಹಾಗಾಗಿ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ನೆಟ್ಟಗೆ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು, ಓದಿದ್ದು ಸಿವಿಲ್ ಎಂಜಿನಿಯರಿಂಗ್. ಇಲ್ಲಿ ಅಮೆರಿಕದಲ್ಲಿ ಊರು ಊರುಗಳ ಪರವಾಗಿ ಕಟ್ಟಡದ ನಕ್ಷೆ ಪರಿಶೀಲಿಸಿಕೊಡುವ ಒಂದು ಖಾಸಗಿ ಕಂಪನಿಯಲ್ಲಿದ್ದೆ. ಮೊದಲು ಮೇರಿಲ್ಯಾಂಡಿನ ಜರ್ಮನ್‌ಟೌನ್, ಆಮೇಲೆ ಜಾರ್ಜಿಯಾದ ಸುವಾನಿ. ಬಡ್ತಿ ಯಾವಾಗ ಸಿಕ್ಕಿತು, ಯಾರು ಕೊಟ್ಟರು ಎನ್ನುವುದರಿಂದ ನಿಮಗೆ ಉಪಯೋಗವಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ಇಲ್ಲಿನ ಮನೆಗಳು ಮರದವು. ಬೆಂಕಿ ಬಿದ್ದರೆ ಹೊಗೆ, ಶಾಖ ಎಲ್ಲ ಮೇಲಕ್ಕೇರಿ ಅಟ್ಟದಲ್ಲಿ ಸೇರಿಕೊಳ್ಳುತ್ತವೆ. ಆಗ ಅಗ್ನಿಶಾಮಕದವರು ಏಣಿ ಹಾಕಿ ಇಳಿಜಾರು ಛಾವಣಿ ಹತ್ತಿ, ನೆತ್ತಿಯ ಹತ್ತಿರ ಗರಗಸದಲ್ಲಿ ತೂತು ಕೊರೆದು ಹೊಗೆಯನ್ನು ಹೊರಗೆ ಬಿಡುತ್ತಾರೆ. ಹತ್ತಲು ದಾರಿ ಬೇಕು, ಕೊರೆಯಲು ಜಾಗ ಬೇಕು. ಛಾವಣಿಯ ತುಂಬ ಗಾಜಿನ ಪ್ಯಾನೆಲ್ ಹಾಸಿದರೆ ಕಾಲಿಡಲು ತಾವಿರುವುದಿಲ್ಲ. ಮೇಲಾಗಿ ಬಿಸಿಲಿರುವವರೆಗೆ ಆ ಗಾಜಿನಲ್ಲಿ ಕರೆಂಟು ಹುಟ್ಟುತ್ತಲೇ ಇರುತ್ತದೆ. ಅದಕ್ಕೇ ಅಂಚಿನಿಂದ ನೆತ್ತಿಯವರೆಗೆ ಮೂರಡಿ ಅಗಲದ ಎರಡು ದಾರಿ, ನೆತ್ತಿಯ ಕೆಳಗೂ ಒಂದಿಷ್ಟು ಜಾಗ ಬಿಡಬೇಕೆಂಬ ನಿಯಮ. ಮಲಗುವ ಕೋಣೆಯ ಕಿಟಕಿ ಕೆಳಗಿನ ಛಾವಣಿಯ ಮೇಲೆ ತೆರೆದುಕೊಳ್ಳುವುದಾದರೆ ಆ ಕಿಟಕಿಯ ಕೆಳಗೂ ಪ್ಯಾನೆಲ್ ಇಡುವಂತಿಲ್ಲ. ಇವೆಲ್ಲ ಊರಿಂದೂರಿಗೆ ಸ್ವಲ್ಪ ಬದಲಾಗುತ್ತವೆ, ನಿಮ್ಮ ಊರಿನ ಪುಸ್ತಕ ನೀವು ನೋಡಿಕೊಳ್ಳಿ.

ಇದನ್ನು ನನಗೆ ಪುಸ್ತಕ ಕಲಿಸಲಿಲ್ಲ, ಡೇಲ್ ಕಲಿಸಿದ. ಡೇಲ್ ಜರ್ಮನ್‌ಟೌನಿನಲ್ಲಿ ನನ್ನ ಬಾಸ್. ಅರ್ಧ ಆಯುಷ್ಯ ಅಗ್ನಿಶಾಮಕ ದಳದಲ್ಲಿ ಕಳೆದು ಬಂದವನು. ಮಂಡಿ ಎರಡೂ ಕೆಟ್ಟಿದ್ದವು, ನಾಲಿಗೆ ಮಾತ್ರ ಸರಿಯಿತ್ತು. ಕೋವಿಡ್ ಶುರುವಾದ ವರ್ಷ ಆಫೀಸು ಮುಚ್ಚಿ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ ಆತ ನಮ್ಮನ್ನು ಖಾಲಿ ಪಾರ್ಕಿಂಗ್ ಲಾಟ್‌ಗೆ ಕರೆಸಿದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಛಾವಣಿ ಬರೆದಿದ್ದ. ನನ್ನ ಒಂದು ಕೈಗೆ ಮರಳು ತುಂಬಿದ ಬಕೆಟ್ಟು, ಇನ್ನೊಂದು ಕೈಗೆ ಉದ್ದನೆಯ ಕೋಲು ಕೊಟ್ಟು ಒಂದಡಿ ಅಗಲದ ಗೆರೆಗಳ ನಡುವೆ ನಡೆಯಲು ಹೇಳಿದ. ನಾನು ನಾಲ್ಕನೇ ಹೆಜ್ಜೆಗೇ ಗೆರೆ ದಾಟಿದೆ. "ಈಗ ನೀನು ಗಾಜಿನ ಮೇಲಿದ್ದೀಯ, ಕೆಳಗೆ ಜಾರುತ್ತಿದ್ದೀಯ" ಎಂದ. ಆಮೇಲೆ ಮೂರಡಿಯ ಗೆರೆಗಳ ನಡುವೆ ನಡೆಸಿದ. ಬಕೆಟ್ಟು ಅದೇ, ಕೋಲು ಅದೇ, ನಡೆದುಬಿಟ್ಟೆ. ಅವತ್ತಿನಿಂದ ಆ ಅಳತೆ ಏಕೆ ಎಂದು ನಾನು ಯಾರನ್ನೂ ಕೇಳಿಲ್ಲ.

ಡೇಲ್ ಕೂಗಾಡುವವನಲ್ಲ. ನಾವು ಪಾಸು ಮಾಡಿದ ನಕ್ಷೆಯಲ್ಲಿ ತಪ್ಪು ಕಂಡರೆ ಕೆಂಪು ಅಕ್ಷರದಲ್ಲಿ ಒಂದೇ ಸಾಲು ಬರೆದು ವಾಪಸು ಕಳಿಸುತ್ತಿದ್ದ: ಇಲ್ಲಿ ನಿನ್ನ ಮಗನನ್ನು ಹತ್ತಿಸುತ್ತೀಯಾ? ನನಗೆ ಮಗನಿಲ್ಲ, ಇರುವವಳು ಮಗಳು. ಆದರೂ ಆ ಸಾಲು ನೋಡಿದರೆ ಇಡೀ ನಕ್ಷೆಯನ್ನು ಮೊದಲಿನಿಂದ ಮತ್ತೆ ಅಳೆಯುತ್ತಿದ್ದೆ.

ಸುವಾನಿಗೆ ಬರುವ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಕಾಗದದ ನಕ್ಷೆ ಹೋಗಿ ಉಪಗ್ರಹದ ಚಿತ್ರ ಬಂತು. ಸಾಫ್ಟ್‌ವೇರ್ ತಾನೇ ಛಾವಣಿ ಅಳೆದು, ತಾನೇ ಪ್ಯಾನೆಲ್ ಜೋಡಿಸಿ, ತಾನೇ ದಾರಿ ಬಿಟ್ಟು ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ. ಚಿತ್ರ ಚೆನ್ನಾಗಿದೆ ಎಂದು ಕಣ್ಣು ಮುಚ್ಚಿ ಒಪ್ಪುವವರು ಈಗ ಹೆಚ್ಚಾಗಿದ್ದಾರೆ. ಅವರಿಗಾಗಿ ಒಂದು ಪ್ರಸಂಗ ಹೇಳುತ್ತೇನೆ.

ಜಾರ್ಜಿಯಾದಲ್ಲಿ ನೆಲ ಏರಿಳಿತದ್ದು. ಮುಂದಿನಿಂದ ಎರಡಂತಸ್ತಾಗಿ ಕಾಣುವ ಮನೆ ಹಿಂದೆ ಬೇಸ್‌ಮೆಂಟ್ ಸೇರಿ ಮೂರಂತಸ್ತು ಆಗಿರುತ್ತದೆ. ಒಂದು ನಕ್ಷೆಯಲ್ಲಿ ಸಾಫ್ಟ್‌ವೇರ್ ಎರಡು ದಾರಿಗಳನ್ನೂ ಹಿಂದುಗಡೆಗೇ ಕೊಟ್ಟಿತ್ತು. ಅಳತೆಯಲ್ಲಿ ಒಂದಿಂಚೂ ತಪ್ಪಿರಲಿಲ್ಲ. ನನಗೇಕೋ ಅನುಮಾನ ಬಂದು ಊಟದ ಬಿಡುವಿನಲ್ಲಿ ಕಾರು ತೆಗೆದುಕೊಂಡು ಹೋಗಿ ನೋಡಿದೆ. ಹಿಂದುಗಡೆ ಕಡಿದಾದ ಇಳಿಜಾರು, ಅದರ ಕೆಳಗೆ ತೊರೆ. ಏಣಿಯ ಕಾಲು ಊರಲು ತೊರೆಗೇ ಇಳಿಯಬೇಕಿತ್ತು. ಉಪಗ್ರಹಕ್ಕೆ ಮೇಲಿನಿಂದ ಎಲ್ಲವೂ ಸಪಾಟಾಗಿ ಕಾಣುತ್ತದೆ. ಸಂಜೆಯೇ ನಕ್ಷೆ ವಾಪಸು ಕಳಿಸಿದೆ. ಪ್ಯಾನೆಲ್ ಹಾಕುವ ಕಂಪನಿಯ ಹುಡುಗ ಫೋನ್ ಮಾಡಿ ಸಾಫ್ಟ್‌ವೇರ್ ಪಾಸ್ ಮಾಡಿದೆಯಲ್ಲ ಎಂದು ವಾದಿಸಿದ. ಹಾಗಾದರೆ ಬೆಂಕಿ ಬಿದ್ದಾಗ ಸಾಫ್ಟ್‌ವೇರನ್ನೇ ಏಣಿ ಹತ್ತಿಸು ಎಂದೆ.

ಇನ್ನು ನಮ್ಮವರ ವಿಷಯಕ್ಕೆ ಬರುತ್ತೇನೆ. ನನ್ನ ಕೈಗೆ ಬರುವ ನಕ್ಷೆಗಳಲ್ಲಿ ಕನ್ನಡದ ಹೆಸರು ಕಂಡರೆ ನಾನು ಚಹಾ ಮಾಡಿಕೊಂಡು ಬಂದು ಕೂರುತ್ತಿದ್ದೆ, ಏಕೆಂದರೆ ಮಾತು ಬಹಳ ಹೊತ್ತು ನಡೆಯುತ್ತದೆಂದು ಗೊತ್ತಿರುತ್ತಿತ್ತು. ಬೆಂಗಳೂರು ಮೈಸೂರುಗಳ ಕಾಂಕ್ರೀಟ್ ತಾರಸಿ ನೋಡಿ ಬೆಳೆದವರಿಗೆ ಛಾವಣಿ ಎಂದರೆ ನೀರಿನ ಟ್ಯಾಂಕ್ ಇಡುವ, ಬಟ್ಟೆ ಒಣಗಿಸುವ ಜಾಗ. ಅದನ್ನು ಕೊರೆಯುತ್ತಾರೆಂದರೆ ನಂಬುವುದೇ ಇಲ್ಲ. ಒಂದು ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತ ನಿಂತಿದ್ದಾಗ ಒಬ್ಬರು ಸಾಲಿನಲ್ಲಿ ನಿಂತೇ ಕೇಳಿದರು.

"ಅಲ್ಲ ಮೇಡಂ, ಬೆಂಕಿ ಬೀಳೋದು ಕಿಚನ್ನಲ್ಲಿ. ಫೈರ್‌ನವರು ರೂಫ್ ಮೇಲೆ ಹತ್ತಿ ಏನ್ ಮಾಡ್ತಾರೆ?"

"ನಿಮ್ಮ ಮನಿ ಉಳಸ್ತಾರ್ರೀ. ಹೋಳ್ಗಿ ಎರಡು ಹಾಕ್ಲೋ, ಒಂದೋ?"

"ವಾಮನಾವತಾರ ಬಂತು ನೋಡಿ, ಮೂರಡಿ ಕೇಳೋಕೆ" ಎಂದು ಅವರ ಹಿಂದಿದ್ದವರು ನಕ್ಕರು. ಅಂದಿನಿಂದ ಸುವಾನಿ, ಪಕ್ಕದೂರು ಜಾನ್ಸ್ ಕ್ರೀಕಿನ ಮಕ್ಕಳಿಗೆಲ್ಲ ನಾನು ಮೂರಡಿ ಆಂಟಿ. ನನಗೇನೂ ಬೇಸರವಾಗಲಿಲ್ಲ. ಹೆಸರಿನ ಜೊತೆ ನಿಯಮವೂ ಬಾಯಿಪಾಠವಾದರೆ ನನಗೆ ಲಾಭವೇ.

ಶ್ರೀಕಂಠನ ನಕ್ಷೆ ಬಂದದ್ದು ಇದಾದ ಮೇಲೆ. ಜಾನ್ಸ್ ಕ್ರೀಕಿನಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ಮೈಸೂರಿನವನು. ಸಮಾರಂಭಗಳಲ್ಲಿ ನೋಡಿ ನಮಸ್ಕಾರ ಹೇಳುವಷ್ಟು ಪರಿಚಯ. ನಕ್ಷೆ ತೆಗೆದು ನೋಡಿದರೆ ವಿಚಿತ್ರವಾಗಿತ್ತು. ಪೂರ್ವದ ಇಡೀ ಛಾವಣಿ ಬೋಳು ಬೋಳು. ದಕ್ಷಿಣ, ಪಶ್ಚಿಮದ ಛಾವಣಿಗಳಲ್ಲಿ ಮಾತ್ರ ಪ್ಯಾನೆಲ್‌ಗಳು ಒಂದಕ್ಕೊಂದು ಒತ್ತಿಕೊಂಡು ನೆತ್ತಿಯವರೆಗೆ ಏರಿದ್ದವು. ಅದೂ ಸಾಲದೆ ನೈಋತ್ಯ ಮೂಲೆಯಲ್ಲಿ ಕೆಳಗಿನ ಪೋರ್ಚ್‌ನ ಪುಟ್ಟ ಛಾವಣಿಯ ಮೇಲೂ ಹಾಸಿದ್ದರು. ಆ ಪೋರ್ಚ್‌ನ ಮೇಲೆಯೇ ಮಹಡಿಯ ಮಲಗುವ ಕೋಣೆಯ ಕಿಟಕಿ. ನಾನು ತಿರಸ್ಕರಿಸಿದೆ. ಕೆಳಗೆ ನನ್ನ ಹೆಸರಿತ್ತು. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಆಂಟಿ, ನಾನು ಶ್ರೀಕಂಠ. ರಿಜೆಕ್ಟ್ ಮಾಡಿದ್ದೀರಾ? ಒಂದ್ ಪ್ಯಾನೆಲ್ಲೂ ಕಮ್ಮಿ ಮಾಡೋಕಾಗಲ್ಲ ಆಂಟಿ. ಅಮ್ಮ ಆಕ್ಸಿಜನ್ ಮೇಲಿದ್ದಾರೆ."

ಅವನು ಹೇಳುತ್ತ ಹೋದ. ತಾಯಿ ಕಮಲಮ್ಮನವರಿಗೆ ಶ್ವಾಸಕೋಶದ ತೊಂದರೆ. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರ ಹಗಲೂ ರಾತ್ರಿ ನಡೆಯಬೇಕು. ಹಿಂದಿನ ಚಳಿಗಾಲದಲ್ಲಿ ಮಂಜುಗಡ್ಡೆಯ ಮಳೆ ಬಿದ್ದು ಮರಗಳು ಮುರಿದು ಇಡೀ ಬಡಾವಣೆಗೆ ಕರೆಂಟು ಹೋಗಿತ್ತು. ಯಂತ್ರ ನಿಂತಿತು. ಇದ್ದ ಸಿಲಿಂಡರ್ ಖಾಲಿಯಾಗುತ್ತ ಬಂತು. ಜಾರುವ ರಸ್ತೆಯಲ್ಲಿ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಕರೆಂಟಿದ್ದ ಸುವಾನಿಯ ಸ್ನೇಹಿತರ ಮನೆಗೆ ಬಂದಿದ್ದ.

"ಅಮ್ಮನ ತುಟಿ ನೀಲಿ ಆಗ್ತಿತ್ತು ಆಂಟಿ. ನಾನು ರೋಡ್ ನೋಡ್ಲಾ, ಅಮ್ಮನ್ನ ನೋಡ್ಲಾ? ಇನ್ನೊಂದ್ಸಲ ಹಾಗಾಗೋಕೆ ನಾನು ಬಿಡಲ್ಲ."

ಅವನ ದನಿ ಒಡೆದಿತ್ತು. ಇಂಥ ಹೊತ್ತಿನಲ್ಲಿ ಹೋಗಲಿ ಬಿಡು ಎಂದು ಸಹಿ ಹಾಕುವುದು ಸುಲಭ, ಪುಣ್ಯ ಕಟ್ಟಿಕೊಂಡಂತೆಯೂ ಅನಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ನಾನು ಹಾಕಲಿಲ್ಲ. ಆ ಕಿಟಕಿಯಿರುವ ಕೋಣೆ ಯಾರದು ಎಂದು ಕೇಳಿದೆ.

"ಅಮ್ಮಂದೇ. ಹಿರಿಯರಿಗೆ ನೈಋತ್ಯ ಅಲ್ವಾ? ಮೈಸೂರಿಂದ ವಾಸ್ತು ನೋಡೋರು ವಿಡಿಯೋ ಕಾಲ್‌ನಲ್ಲಿ ಹೇಳಿದ್ರು. ಈಶಾನ್ಯದಲ್ಲಿ ಭಾರ ಇಡಬಾರ್ದು ಅಂತಾನೂ ಹೇಳಿದ್ರು, ಅದಕ್ಕೇ ಈಸ್ಟ್ ಸೈಡ್ ಫುಲ್ ಬಿಟ್ಟಿದ್ದೀನಿ."

ಆಗ ನನಗೆ ಇಡೀ ನಕ್ಷೆ ಅರ್ಥವಾಯಿತು. ತಾಯಿಗೆ ಒಳ್ಳೆಯದಾಗಲೆಂದು ನೈಋತ್ಯದ ಕೋಣೆ ಕೊಟ್ಟ. ತಾಯಿಗೆ ಒಳ್ಳೆಯದಾಗಲೆಂದು ಪೂರ್ವ ಬಿಟ್ಟು ನೈಋತ್ಯಕ್ಕೇ ಎಲ್ಲ ಪ್ಯಾನೆಲ್ ತುಂಬಿದ. ತಾಯಿಯ ಉಸಿರು ನಿಲ್ಲದಿರಲಿ ಎಂದು ತಾಯಿಯ ಕಿಟಕಿಯ ದಾರಿಯನ್ನೇ ಮುಚ್ಚಿದ್ದ. ಜೊತೆಗೆ ಆ ಕೋಣೆಯಲ್ಲಿ ಆಮ್ಲಜನಕ. ಅಲ್ಲಿಗೆ ಬೆಂಕಿ ಬಂದರೆ ಬೇರೆ ಕೋಣೆಗಿಂತ ಬೇಗ ಉರಿಯುತ್ತದೆ. ಸ್ಥಳ ನೋಡಲು ಬರುತ್ತೇನೆಂದು ಹೇಳಿ ಫೋನಿಟ್ಟೆ.

ಮರುದಿನ ಬೆಳಗ್ಗೆ ಹೋದೆ. ಕಮಲಮ್ಮನವರು ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮೂಗಿಗೆ ಸಣ್ಣ ನಳಿಕೆ, ಮೂಲೆಯಲ್ಲಿ ಗುಂಯ್ ಎನ್ನುವ ಯಂತ್ರ. ಹೆಣೆದ ಸ್ವೆಟರಿನ ಮೇಲೆ ಸೆರಗು ಹೊದ್ದಿದ್ದರು. ಮೊಮ್ಮಗಳು ಅನ್ವಿ, ಹೈಸ್ಕೂಲಿನವಳು, ಅವರ ಕಾಲ ಬಳಿ ಕೂತು ಫೋನ್ ನೋಡುತ್ತಿದ್ದಳು. ಶ್ರೀಕಂಠ ಬಾಗಿಲಲ್ಲಿ ನಿಂತ.

"ನೀವೇನಾ ಮೂರಡಿ ಕೇಳೋರು?" ಎಂದರು ಕಮಲಮ್ಮ.

"ಹೌದ್ರೀ, ನಾನ. ನಿಮ್ಮ ಕಿಟಕಿ ಕೆಳಗ ಕೇಳಾಕತ್ತೀನಿ."

"ಈ ಕಿಟಕಿಯಿಂದ ನಾನು ಇಳೀಬೇಕಾ? ನನ್ನ ಮಂಡಿ ನೋಡಿದ್ದೀರಾ? ಬಚ್ಚಲುಮನೆ ಹೊಸಿಲು ದಾಟೋದೇ ಕಷ್ಟ."

ಶ್ರೀಕಂಠ ತಕ್ಷಣ ಮುಂದೆ ಬಂದ. "ಅದೇ ಆಂಟಿ ನಾನು ಹೇಳೋದು. ಅಮ್ಮ ಹೇಗೂ ಇಳಿಯಲ್ಲ. ಹಾಗಿದ್ಮೇಲೆ ಆ ಜಾಗ ಬಿಟ್ಟು ಏನ್ ಯೂಸ್?"

"ಅವರು ಇಳಿಯೂದಲ್ಲಪಾ, ಅವರನ್ನ ಇಳಸಾಕ ಬರೋರು ಬೇರೆ. ಕೆಳಗ ಬೆಂಕಿ ಹತ್ತಿದ್ರ ಮೆಟ್ಟಿಲ ತುಂಬ ಹೊಗಿ. ಆಗ ಬರೋರು ಇಲ್ಲಿಂದನ ಬರ್ತಾರ. ಅವರು ಕಾಲು ಎಲ್ಲಿ ಇಡಬೇಕು? ನಿನ್ನ ಗಾಜಿನ ಮ್ಯಾಲ?"

ನಾನು ಅಷ್ಟಕ್ಕೇ ಬಿಡಲಿಲ್ಲ, ಚೀಲದಿಂದ ನಕ್ಷೆ ತೆಗೆದು ಮಂಚದ ಮೇಲೆ ಹಾಸಿದೆ. ಯಂತ್ರ ಕುಡಿಯುವ ಕರೆಂಟು ಎಷ್ಟು, ಅದಕ್ಕೆ ಎಷ್ಟು ಪ್ಯಾನೆಲ್ ಬೇಕು ಎಂದು ಅವನಿಂದಲೇ ಲೆಕ್ಕ ಮಾಡಿಸಿದೆ. ಎಂಜಿನಿಯರನಲ್ಲವೇ, ಬೇಗ ಮಾಡಿದ. ಕರೆಂಟು ಹೋದಾಗ ಮುಖ್ಯವಾಗುವುದು ಬ್ಯಾಟರಿ. ಅದನ್ನು ತುಂಬಿಸಲು ಅವನು ನಕ್ಷೆಯಲ್ಲಿ ಬರೆಸಿದ್ದ ಪ್ಯಾನೆಲ್‌ಗಳಲ್ಲಿ ಕೆಲವೇ ಸಾಕಾಗಿದ್ದವು.

"ಹಂಗಾದ್ರ ಉಳಿದಿದ್ದು ಯಾರಿಗೆ?" ಎಂದು ಕೇಳಿದೆ.

ಶ್ರೀಕಂಠ ನೆಲ ನೋಡಿದ. "ಕಾರ್ ಚಾರ್ಜಿಂಗ್‌ಗೆ" ಎಂದ. "ಆಮೇಲೆ ಏಸಿ."

"ಕಾರು ಉಸಿರಾಡಂಗಿಲ್ಲ" ಎಂದೆ. ಒರಟಾಯಿತೇನೋ. ಆದರೆ ಅವನಿಗೆ ಬೇಕಿದ್ದದ್ದು ಅದೇ ಮಾತು, ಈಗಲೂ ಹಾಗೇ ಹೇಳುತ್ತಿದ್ದೆ.

"ಆದ್ರೂ ಆಂಟಿ, ಮೋಡ ಇದ್ದಾಗ ಸ್ವಲ್ಪ ಎಕ್ಸ್‌ಟ್ರಾ ಇದ್ರೆ ನಂಗೆ ಧೈರ್ಯ. ಈ ಕಡೆ ತೆಗೆದ್ರೆ ಎಲ್ಲಿಡ್ಲಿ? ಈಸ್ಟ್ ಕಡೆ ಇಡೋ ಹಾಗಿಲ್ಲ, ಅಮ್ಮನಿಗೆ ಈಶಾನ್ಯ..."

"ಯಾವ ಅಮ್ಮನಿಗೆ?" ಎಂದರು ಕಮಲಮ್ಮ. ನಳಿಕೆ ಸರಿಮಾಡಿಕೊಂಡು, ಒಂದು ಉಸಿರು ಎಳೆದುಕೊಂಡು, ಮಗನ ಕಡೆ ತಿರುಗಿದರು. "ನನ್ನ ಕೇಳಿದ್ಯೇನೋ ನೀನು? ಫೋನಲ್ಲಿ ಯಾರೋ ಹೇಳಿದ ಅಂತ ಕಾಂಪಸ್ ಹಿಡ್ಕೊಂಡು ಮನೆಯೆಲ್ಲ ಸುತ್ತಿದೆ. ಈಶಾನ್ಯದಲ್ಲಿ ಭಾರ ಬೇಡ ಅಂದ್ರೆ ಒರಳುಕಲ್ಲು, ರಾಗಿ ಮೂಟೆ ಇಡಬೇಡ ಅಂತ. ಇದು ಬಿಸಿಲು ಕುಡಿಯೋ ಗಾಜು ಕಣೋ. ಸೂರ್ಯ ಹುಟ್ಟೋ ಕಡೆ ಇಡೋಕೆ ಯಾರಪ್ಪಣೆ ಬೇಕು?"

"ಅಜ್ಜಿ, ಯು ಆರ್ ಸೋ ಸ್ಯಾವೇಜ್" ಎಂದಳು ಅನ್ವಿ.

"ಅದೇನಂದ್ರೆ?"

"ಗುಡ್ ಥಿಂಗ್ ಅಜ್ಜಿ, ಗುಡ್ ಥಿಂಗ್."

ಶ್ರೀಕಂಠ ನಗಲು ಹೋದ, ಆಗಲಿಲ್ಲ. ತಾಯಿಯ ಮುಂದೆ ಮಂಡಿಯೂರಿ ಕೂತು, ಅವರ ಮೊಣಕಾಲಿನ ಮೇಲೆ ಹಣೆಯಿಟ್ಟ. "ಆ ದಿನ ಕಾರಲ್ಲಿ ನಂಗೆ ತುಂಬಾ ಭಯ ಆಯ್ತಮ್ಮ" ಎಂದ. ಕಮಲಮ್ಮ ಅವನ ತಲೆ ಸವರುತ್ತ, ನನಗೂ ಆಗಿತ್ತು ಕಣೋ ಎಂದರು. ನಾನು ನಕ್ಷೆ ಮಡಚಿಕೊಂಡು ಕೆಳಗಿಳಿದು ಬಂದೆ. ಅಲ್ಲಿ ನನ್ನ ಕೆಲಸವೇನೂ ಇರಲಿಲ್ಲ.

ಹೊಸ ನಕ್ಷೆ ಒಂದು ವಾರದಲ್ಲಿ ಬಂತು. ಪೂರ್ವದ ಛಾವಣಿಯಲ್ಲಿ ಒಂದು ಚೆಂದದ ಸಾಲು, ಪಕ್ಕದಲ್ಲಿ ದಾರಿ. ನೆತ್ತಿಯ ಕೆಳಗೆ ಬೇಕಾದಷ್ಟು ಜಾಗ. ಪೋರ್ಚ್ ಪೂರ್ತಿ ಖಾಲಿ. ಸಹಿ ಹಾಕಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪ್ಯಾನೆಲ್ ಹಾಕಿ, ಬ್ಯಾಟರಿ ಜೋಡಿಸಿ, ಎಲ್ಲ ಪರೀಕ್ಷೆಯೂ ಆದ ಮೇಲೆ ಅನ್ವಿಯಿಂದ ಫೋನ್ ಬಂತು.

"ಆಂಟಿ, ಅಜ್ಜಿ ಈಸ್ ಬೀಯಿಂಗ್ ಡಿಫಿಕಲ್ಟ್. ಬರೋರನ್ನ ನಾನು ನೋಡ್ಬೇಕು ಅಂತಾರೆ. ಐ ಕಾಲ್ಡ್ ದ ಫೈರ್ ಸ್ಟೇಷನ್. ದೇ ಆರ್ ಕಮಿಂಗ್ ಸ್ಯಾಟರ್‌ಡೇ. ನೀವೂ ಬನ್ನಿ."

ಮನೆಯಲ್ಲಿ ಆಮ್ಲಜನಕ ಬಳಸುವವರಿದ್ದರೆ ಅಗ್ನಿಶಾಮಕ ಠಾಣೆಯವರು ಬಂದು ಹೊಗೆಯ ಅಲಾರಂ ನೋಡಿ, ಎಚ್ಚರಿಕೆ ಹೇಳಿ ಹೋಗುತ್ತಾರೆ. ಆ ನೆಪದಲ್ಲಿ ಹುಡುಗಿ ಅವರನ್ನು ಕರೆಸಿದ್ದಳು. ಇಷ್ಟು ವರ್ಷ ಬರುವವರಿಗಾಗಿ ಗೆರೆ ಎಳೆದವಳು ನಾನು. ಆದರೆ ಬರುವವರನ್ನು ನೋಡಬೇಕೆಂದು ಕೇಳಿದ ಮನೆಯವರು ಕಮಲಮ್ಮ ಒಬ್ಬರೇ.

ಶನಿವಾರ ಬೆಳಗ್ಗೆ ಕೆಂಪು ಟ್ರಕ್ ಬಂದು ಮನೆ ಮುಂದೆ ನಿಂತಿತು. ಅಕ್ಕಪಕ್ಕದವರು ಗಾಬರಿಯಾಗಿ ಹೊರಬಂದರು, ಶ್ರೀಕಂಠನ ಹೆಂಡತಿ ಸ್ಮಿತಾ ಅವರಿಗೆಲ್ಲ ಏನೂ ಆಗಿಲ್ಲವೆಂದು ಹೇಳುತ್ತ ಓಡಾಡಿದಳು. ಬಂದಿದ್ದ ದಳದ ಮುಖ್ಯಸ್ಥ, ಲೆಫ್ಟಿನೆಂಟ್, ಆರಡಿ ಮೀರಿದ ಆಳು. ಅಲಾರಂಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಅನ್ವಿ ಅಜ್ಜಿಯ ಬೇಡಿಕೆ ಹೇಳಿದಳು. ಅವನು ನಗಲಿಲ್ಲ. ಇದನ್ನು ಕೇಳುವುದು ಅವರ ಹಕ್ಕು ಎಂದು ಹೇಳಿ ಟ್ರಕ್ಕಿಗೆ ಹೋಗಿ ದಪ್ಪ ಕೋಟು, ಹೆಲ್ಮೆಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಹಾಕಿಕೊಂಡು ಬಂದ. ಅವನ ಜೊತೆಯವರು ಹಿತ್ತಿಲಿನಲ್ಲಿ ಪೋರ್ಚ್‌ಗೆ ಏಣಿ ಚಾಚಿದರು.

ನಾವೆಲ್ಲ ಕಮಲಮ್ಮನವರ ಕೋಣೆಯಲ್ಲಿ ನಿಂತಿದ್ದೆವು. ಮೊದಲು ಏಣಿಯ ಸದ್ದು, ಆಮೇಲೆ ಬೂಟಿನ ಸದ್ದು. ಆ ತೂಕವೆಲ್ಲ ಹೊತ್ತು ಅವನು ಪೋರ್ಚ್‌ನ ಖಾಲಿ ಛಾವಣಿಯ ಮೇಲೆ ನೆಟ್ಟಗೆ ನಡೆದು ಬಂದು ಕಿಟಕಿಯ ಮುಂದೆ ಒಂದು ಮಂಡಿಯೂರಿ ಕೂತು ಗಾಜು ತಟ್ಟಿದ. ಕಾಲು ಎಲ್ಲೂ ತಡವರಿಸಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ನಾನು ಕಾಗದದಲ್ಲೂ ಪರದೆಯಲ್ಲೂ ನೋಡುತ್ತ ಬಂದ ಜಾಗದಲ್ಲಿ ಒಬ್ಬ ಮನುಷ್ಯ ನಡೆದದ್ದನ್ನು ನೋಡಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು, ಕಣ್ಣು ಒದ್ದೆಯಾಯಿತು.

ಕಮಲಮ್ಮ ಕುರ್ಚಿಯ ಕೈ ಹಿಡಿದು ಎದ್ದರು. ಶ್ರೀಕಂಠ ಹಿಡಿಯಲು ಹೋದರೆ ಬೇಡವೆಂದು ತಳ್ಳಿದರು. ತಾವೇ ಚಿಲಕ ತೆಗೆದು, ಅನ್ವಿಯ ಸಹಾಯದಿಂದ ಕಿಟಕಿ ಮೇಲೆತ್ತಿದರು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಇಷ್ಟು ಜಾಗ ಸಾಕೇನಪ್ಪ ನಿಂಗೆ?" ಎಂದು ಕನ್ನಡದಲ್ಲೇ ಕೇಳಿದರು.

ಅನ್ವಿ ಇಂಗ್ಲಿಷಿನಲ್ಲಿ ಹೇಳಿದಳು. ಅವನು ತನ್ನ ಎಡಕ್ಕೂ ಬಲಕ್ಕೂ ನೋಡಿ, "ಯೆಸ್ ಮ್ಯಾಮ್. ಪ್ಲೆಂಟಿ" ಎಂದ.

"ನನ್ನ ಎತ್ತೋಕಾಗತ್ತಾ ಅಂತ ಕೇಳು."

"ಈಸಿ" ಎಂದು ಅವನು ನಕ್ಕ.

ಕಮಲಮ್ಮ ತಲೆದೂಗಿದರು. ನಿಂತು ಮಾತಾಡಿದ್ದಕ್ಕೆ ಏದುಸಿರು ಬಂದಿತ್ತು, ನಿಧಾನವಾಗಿ ಕುರ್ಚಿಗೆ ಮರಳಿ, ಉಸಿರು ಹದಕ್ಕೆ ಬರುವವರೆಗೆ ಕಾದರು. ಆಮೇಲೆ ಮೊಮ್ಮಗಳಿಗೆ ಹೇಳಿದರು. "ಹಾಗಾದ್ರೆ ನಾನು ಗಾಬರಿ ಬೀಳಲ್ಲ ಅಂತ ಹೇಳು. ಕಿರುಚಲ್ಲ, ಮೆಟ್ಟಿಲ ಕಡೆ ಹೋಗಲ್ಲ. ಇದೇ ಕುರ್ಚಿ ಮೇಲೆ ಕೂತಿರ್ತೀನಿ. ಇವನು ಬರ್ತಾನೆ ಅಂತ ನಂಗೆ ಗೊತ್ತಿರತ್ತೆ."

ಅನ್ವಿಗೆ ಅಷ್ಟನ್ನೂ ಒಂದೇ ಸಲಕ್ಕೆ ಹೇಳಲು ಆಗಲಿಲ್ಲ, ನಡುವೆ ದನಿ ನಿಂತುಹೋಯಿತು. ಉಳಿದದ್ದನ್ನು ಶ್ರೀಕಂಠ ಹೇಳಿ ಮುಗಿಸಿದ. ಲೆಫ್ಟಿನೆಂಟ್ ಹೆಲ್ಮೆಟ್ ತೆಗೆದು ತೋಳಿನಡಿ ಇಟ್ಟುಕೊಂಡ. ಕೈಗವುಸು ಕಳಚಿ, ಕಿಟಕಿಯೊಳಗೆ ಕೈ ಚಾಚಿ, ಕಮಲಮ್ಮನವರ ಕೈ ಹಿಡಿದು, "ಐ ವಿಲ್ ಕಮ್, ಮ್ಯಾಮ್" ಎಂದ. ಅದನ್ನು ಅವರಿಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.